ಪರಸಿ ಕಲ್ಲು ಕಿತ್ತ ಮೇಲೆ ಹಕ್ಕಿಯ ಕಣ್ಣು ಕಂಡಿತು

ಆ ವರ್ಷ ಮಾರ್ಚ್‌ನಿಂದ ಮೇ ಕೊನೆಯವರೆಗೆ ನಮ್ಮ ಹಿತ್ತಲಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದಿದ್ದೆ. ಅವುಗಳಲ್ಲಿ ಹಕ್ಕಿಯ ಕಣ್ಣು ನಿಚ್ಚಳವಾಗಿ ಬಂದವು ನಲವತ್ತೂ ಇರಲಿಲ್ಲ. ಮಿಕ್ಕವುಗಳಲ್ಲೆಲ್ಲ ಹಕ್ಕಿ ತೆಳು ಪಂಚೆಯ ಆಚೆ ಕೂತಂತೆ ಕಾಣುತ್ತಿತ್ತು. ಕೈ ನಡುಗುತ್ತಿರಬೇಕೆಂದು ಟ್ರೈಪಾಡ್ ಕೊಂಡೆ, ವ್ಯತ್ಯಾಸವಾಗಲಿಲ್ಲ. ಲೆನ್ಸ್ ಕೆಟ್ಟಿರಬೇಕೆಂದು ಹುಬ್ಬಳ್ಳಿಗೆ ಒಯ್ದು ರಿಪೇರಿ ಮಾಡುವವರಿಗೆ ತೋರಿಸಿದೆ. ಅವರು ಪರೀಕ್ಷಿಸಿ, ಏನೂ ದೋಷವಿಲ್ಲವೆಂದು ಮರಳಿಸಿದರು. ದೋಷ ಇದ್ದದ್ದು ನಮ್ಮ ನೆಲದಲ್ಲಿ.

ನಮ್ಮ ಮನೆ ಇರುವುದು ಕೊಪ್ಪಳದಲ್ಲಿ. ಗವಿಮಠದ ಜಾತ್ರೆ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಇಲ್ಲಿನ ಬಿಸಿಲು ಬಣ್ಣ ಬದಲಿಸುತ್ತದೆ. ಸುತ್ತಲಿನ ಕಲ್ಲುಗುಡ್ಡಗಳು ಹಗಲೆಲ್ಲ ಕಾಯ್ದು ರಾತ್ರಿ ಆ ಕಾವನ್ನು ಬಿಡುತ್ತವೆ. ಹಿತ್ತಲು ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ. ಒಂದು ಬೇವು, ಒಂದು ನುಗ್ಗೆ, ದಾಳಿಂಬೆಯ ಎರಡು ಗಿಡ, ಹಿಂದೆ ಗಾರೆಯಿಲ್ಲದೆ ಪೇರಿಸಿದ ಹಳೆಯ ಕಲ್ಲಿನ ಗೋಡೆ. ನೆಲಕ್ಕೆಲ್ಲ ಶಹಾಬಾದಿನ ಪರಸಿ ಕಲ್ಲು ಹಾಸಿತ್ತು. ಹಕ್ಕಿಗಳಿಗೆಂದು ನೀರಿನ ತಟ್ಟೆ ಇಟ್ಟದ್ದು ಗೋಡೆಯ ಬುಡದಲ್ಲಿ, ನಾನು ಕೂರುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ. ನಡುವೆ ಇಪ್ಪತ್ತೈದು ಅಡಿ ಕಾದ ಕಲ್ಲು.

ಒಂದು ದಿನ ಒಂಬತ್ತೂವರೆಯ ಹೊತ್ತಿಗೆ ಲೆನ್ಸಿನಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾಗ ತಟ್ಟೆಯ ಅಂಚು ಸಣ್ಣಗೆ ಅಲುಗುವುದು ಕಾಣಿಸಿತು. ತಟ್ಟೆ ಮಣ್ಣಿನದು, ಗಾಳಿ ಇಲ್ಲ, ಅದು ಅಲುಗುವುದೆಲ್ಲಿಂದ? ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಏಳುವ ಬಿಸಿಲುಗುದುರೆಯೇ ನನ್ನ ಹಿತ್ತಲಲ್ಲೂ ಏಳುತ್ತಿತ್ತು. ಕಾದ ಕಲ್ಲು ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿ ಗಾಳಿ ಮೇಲೇರುತ್ತದೆ, ತಂಪು ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಎರಡರ ಸಾಂದ್ರತೆ ಬೇರೆಯಾದ್ದರಿಂದ ಬೆಳಕು ಅವುಗಳ ನಡುವೆ ಹಾದುಬರುವಾಗ ಬಾಗುತ್ತದೆ. ಹಿತ್ತಲಿನಷ್ಟು ಹತ್ತಿರದಲ್ಲಿ ಬರಿಗಣ್ಣಿಗೆ ಅದು ತಿಳಿಯುವುದಿಲ್ಲ. ದೂರದ್ದನ್ನು ಹತ್ತಿರ ಎಳೆದು ತೋರಿಸುವ ಲೆನ್ಸು ಆ ನಡುಕವನ್ನೂ ಹಿಗ್ಗಿಸುತ್ತದೆ. ಗರಿಯ ಎಳೆ, ಕಣ್ಣಿನ ಹೊಳಪು ಮೊದಲು ಅಳಿಸಿಹೋಗುತ್ತವೆ.

ಆ ವಾರವೇ ಬೇವಿನ ಕೆಳಗಿನ ಹದಿನಾರು ಪರಸಿ ಕಲ್ಲುಗಳನ್ನು ಕೀಳಿಸಿ ಬರಿ ಮಣ್ಣು ಬಿಟ್ಟೆ. ತಟ್ಟೆಯನ್ನು ನೆರಳಿಗೆ ತಂದು, ಕಿಟಕಿಯಿಂದ ಹನ್ನೆರಡು ಅಡಿಗೆ ಇಟ್ಟೆ. ಪಾತ್ರೆ ತೊಳೆದ ನೀರನ್ನು ಸಂಜೆ ಆ ಮಣ್ಣಿಗೆ ಚಿಮುಕಿಸತೊಡಗಿದೆ. ಬೆಳಗಿನವರೆಗೂ ಅಲ್ಲಿ ತಂಪು ಇರುತ್ತದೆ. ಇನ್ನೊಂದು ಸಂಗತಿ ಗೊತ್ತಾಗಲು ಮತ್ತೆ ಹದಿನೈದು ದಿನ ಹಿಡಿಯಿತು. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ. ಒಳಗೆ ಕೂಲರ್ ಓಡುತ್ತಿದ್ದು ಕಿಟಕಿ ತೆರೆದಿದ್ದರೆ ಲೆನ್ಸಿನ ಬಾಯಲ್ಲೇ ತಂಪು ಗಾಳಿ ಮತ್ತು ಬಿಸಿ ಗಾಳಿ ಕಲೆಯುತ್ತವೆ, ಹತ್ತಿರದ ಹಕ್ಕಿಯೂ ಮಸುಕಾಗುತ್ತದೆ. ಈಗ ಕೂತುಕೊಳ್ಳುವ ಅರ್ಧ ಗಂಟೆ ಮೊದಲೇ ಕೂಲರ್ ನಿಲ್ಲಿಸಿ, ಕಿಟಕಿ ತೆರೆದು, ಒಳಗಿನ ಗಾಳಿ ಹೊರಗಿನದಕ್ಕೆ ಹೊಂದಲು ಬಿಡುತ್ತೇನೆ. ಕಿಟಕಿಯ ಗಾಜಿನ ಮೂಲಕ ತೆಗೆದವಂತೂ ಇಟ್ಟುಕೊಳ್ಳಲು ಯೋಗ್ಯವಾಗಿ ಬಂದೇ ಇಲ್ಲ.

ತಟ್ಟೆ ಹತ್ತಿರ ಬಂದಾಗ ಹಕ್ಕಿಗಳು ಬರುವುದನ್ನೇ ಬಿಟ್ಟವು. ಗೊರವಂಕ ಮತ್ತು ಗುಬ್ಬಚ್ಚಿ ಎರಡು ದಿನದಲ್ಲಿ ಮರಳಿದವು, ಉಳಿದವುಗಳ ಸುಳಿವಿರಲಿಲ್ಲ. ಆಗ ಒದಗಿದ್ದು ನಮ್ಮ ಅತ್ತೆಯ ಒಂದು ಮಾತು: ಗುಡಿಯಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ಕಟ್ಟುವಂತೆ ಕಟ್ಟು, ನೀರಿನ ಸದ್ದಿಗೆ ಬರುತ್ತವೆ. ಮೂರು ಲೀಟರ್ ಹಿಡಿಯುವ ಸಣ್ಣ ಗಡಿಗೆಯ ತಳಕ್ಕೆ ತೂತು ಕೊರೆದು, ಹತ್ತಿಯ ಬತ್ತಿ ತುರುಕಿ, ಬೇವಿನ ಟೊಂಗೆಗೆ ತೂಗುಹಾಕಿದೆ. ಬತ್ತಿಯನ್ನು ಬಿಗಿ ಮಾಡಿದಷ್ಟೂ ಹನಿ ನಿಧಾನ. ಸೆಕೆಂಡಿಗೆ ಒಂದು ಹನಿ ಬಿದ್ದರೂ ಬೆಳಗಿನ ಹೊತ್ತು ನಾಲ್ಕು ತಾಸಿನಲ್ಲಿ ಒಂದು ಲೀಟರ್ ಕೂಡ ಖರ್ಚಾಗುವುದಿಲ್ಲ. ನೀರನ್ನು ಲೆಕ್ಕವಿಟ್ಟು ಬಳಸುವ ಬೇಸಿಗೆಯಲ್ಲಿ ಇದು ದೊಡ್ಡ ಮಾತು. ಟಪ್ ಟಪ್ ಎಂಬ ಆ ಸದ್ದು ನಿಂತ ನೀರಿಗಿಲ್ಲದ ಕೆಲಸ ಮಾಡಿತು. ನಾಲ್ಕನೆಯ ದಿನ ಪಿಕಳಾರ ಬಂತು. ಆಮೇಲೆ ಬೆಳವ, ಟುವ್ವಿ, ಆರೇಳು ಹರಟೆಮಲ್ಲಗಳ ಇಡೀ ಬಳಗ. ಸೂರಕ್ಕಿ ಮಾತ್ರ ತಟ್ಟೆಗೆ ಇಳಿಯಲೇ ಇಲ್ಲ. ಹನಿ ಸಿಡಿದು ಒದ್ದೆಯಾದ ದಾಳಿಂಬೆಯ ಎಲೆಗಳ ಮೇಲೆ ಅದು ಮೈ ಉಜ್ಜಿಕೊಂಡು ಸ್ನಾನ ಮಾಡುತ್ತದೆ.

ತಟ್ಟೆಯಲ್ಲಿ ಎರಡು ಅಂಗುಲಕ್ಕಿಂತ ಹೆಚ್ಚು ನೀರು ಬೇಡ, ನಡುವೆ ಒರಟಾದ ಒಂದು ಕಲ್ಲಿರಲಿ. ದಿನವೂ ಚೆಲ್ಲಿ, ಸೋಪು ಹಾಕದೆ ಮರಳಿನಿಂದ ತಿಕ್ಕಿ ತುಂಬಬೇಕು. ವಾರ ಬಿಟ್ಟರೆ ಅದು ಸೊಳ್ಳೆಯ ತೊಟ್ಟಿಲು. ಸುತ್ತ ಆರೇಳು ಅಡಿ ಬಯಲಾಗಿರಬೇಕು, ಪೊದೆ ಇದ್ದರೆ ಬೆಕ್ಕು ಹೊಂಚುತ್ತದೆ.

ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಎತ್ತರದಲ್ಲಿ ಕೂತು ನಾಲ್ಕೂ ಕಡೆ ನೋಡುತ್ತದೆ. ಆ ಕೂರುವ ಜಾಗವನ್ನು ನಾವೇ ಕೊಡಬಹುದು. ಹೊಲದ ಬದುವಿನಿಂದ ಬಳ್ಳಾರಿ ಜಾಲಿಯ ಒಣಗಿದ ಕೊಂಬೆ ತಂದು, ಮುಳ್ಳು ಸವರಿ, ತಟ್ಟೆಯಿಂದ ಎರಡಡಿ ದೂರದಲ್ಲಿ ಮಣ್ಣಿಗೆ ನೆಟ್ಟೆ. ಅದರ ಹಿಂದೆ ಹದಿನೈದು ಅಡಿಗೆ ನೆರಳಲ್ಲಿರುವ ಕಲ್ಲಿನ ಗೋಡೆ ಬರುತ್ತದೆ, ಚಿತ್ರದಲ್ಲಿ ಅದು ಬೂದುಗಪ್ಪಾಗಿ ಕರಗಿಹೋಗುತ್ತದೆ. ಕೊಂಬೆ ನನ್ನ ಕಣ್ಣಿನ ಮಟ್ಟಕ್ಕೇ ಇರಬೇಕೆಂದು ಕಿಟಕಿಯಲ್ಲಿ ಕುರ್ಚಿ ತೆಗೆದು ಮಣೆ ಹಾಕಿಕೊಂಡೆ. ಮೇಲಿನಿಂದ ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಹಕ್ಕಿ ಬೆನ್ನು ತೋರಿಸುತ್ತದೆಯೇ ಹೊರತು ಮುಖ ತೋರಿಸುವುದಿಲ್ಲ. ಕಿಟಕಿಗೆ ಹಸಿರು ಬಣ್ಣದ ಹಳೆಯ ಸೀರೆಯೊಂದನ್ನು ಇಳಿಬಿಟ್ಟು ಲೆನ್ಸಿನ ಮಟ್ಟದಲ್ಲಿ ಸೀಳಿದ್ದೇನೆ. ಮೊದಲ ಹತ್ತು ದಿನ ಕ್ಯಾಮೆರಾ ಮುಟ್ಟದೆ ಅದರ ಹಿಂದೆ ಸುಮ್ಮನೆ ಕೂತೆ. ಆ ಹತ್ತು ದಿನಗಳಲ್ಲಿ ಯಾವ ಹಕ್ಕಿ ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಬರುತ್ತದೆಂದು ಬರೆದಿಟ್ಟುಕೊಂಡೆ. ಇಂದಿಗೂ ನನಗೆ ಹೆಚ್ಚು ನೆರವಾಗುವುದು ಆ ನೋಟ್‌ಬುಕ್ಕೇ.

ಕ್ಯಾಮೆರಾ ಹಳೆಯ ಡಿಎಸ್‌ಎಲ್‌ಆರ್, ಲೆನ್ಸ್ 70-300 ಮಿ.ಮೀ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ನೀರು ಎರಚಿಕೊಳ್ಳುವಾಗ 1/2000 ಬೇಕು. ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆಂದು ಹೇಳುವ ಐಎಸ್‌ಒ 1600ರವರೆಗೆ ಏರಿದರೂ ಚಿಂತಿಸುವುದಿಲ್ಲ. ಫೋಕಸ್‌ಗೆ ಒಂದೇ ಬಿಂದು, ಅದು ಕಣ್ಣಿನ ಮೇಲೆ. ಫ್ಲ್ಯಾಶ್ ಬಳಸುವುದಿಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನೂ ಮಾಡುವುದಿಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆಯೆಂದು ಅದು ಗೂಡು, ಮೇವು ಬಿಟ್ಟು ಹುಡುಕಾಡುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ ಹಕ್ಕಿ ಚಿಟ್ಟುಮಡಿವಾಳ. ಕಲ್ಲು, ಕುರುಚಲು, ಬಿಸಿಲು ಇರುವಲ್ಲಿ ಬದುಕುವ ಇದು ನಮ್ಮ ಊರಿನ ಹಕ್ಕಿ. ಗಂಡು ಪೂರ್ತಿ ಕಪ್ಪು, ಹೆಗಲಲ್ಲಿ ಒಂದು ಬಿಳಿ ಪಟ್ಟಿ, ಸದಾ ನಿಗುರಿಸಿದ ಬಾಲದ ಬುಡದಲ್ಲಿ ಇಟ್ಟಿಗೆಗೆಂಪು. ನನ್ನ ಮೊದಲ ಚಿತ್ರಗಳಲ್ಲಿ ಅದು ಕಾಗದದಲ್ಲಿ ಕತ್ತರಿಸಿದ ಕರಿ ಬೊಂಬೆಯಂತಿತ್ತು. ಕಪ್ಪು ತೆರೆದುಕೊಳ್ಳಲೆಂದು ಎಕ್ಸ್‌ಪೋಶರ್, ಅಂದರೆ ಚಿತ್ರದ ಬೆಳಕು, ಏರಿಸಿದರೆ ಹೆಗಲಿನ ಬಿಳಿ ವಿವರವಿಲ್ಲದೆ ಸುಟ್ಟುಹೋಗುತ್ತಿತ್ತು. ಅದಕ್ಕೆ ಪರಿಹಾರ ಸಿಕ್ಕಿದ್ದು ಹೊತ್ತಿನಲ್ಲಿ. ಆರೂವರೆಯಿಂದ ಏಳೂಕಾಲರವರೆಗೆ ಬಿಸಿಲು ನುಗ್ಗೆಯ ಎಲೆಗಳ ನಡುವಿನಿಂದ ಓರೆಯಾಗಿ ಬೀಳುತ್ತದೆ. ಆಗ ಆ ಕಪ್ಪಿನೊಳಗೆ ಶಾಯಿಯಂಥ ನೀಲಿ ಮಿನುಗುತ್ತದೆ, ಎದೆಯ ಒಂದೊಂದು ಗರಿಯ ಅಂಚೂ ಬೇರೆಯಾಗಿ ನಿಲ್ಲುತ್ತದೆ, ಕಣ್ಣಲ್ಲಿ ಸೂರ್ಯನ ಚುಕ್ಕೆ ಮೂಡುತ್ತದೆ. ಏಳೂವರೆಗೆ ಅದೆಲ್ಲ ಮುಗಿದಿರುತ್ತದೆ.

ಮರು ಬೇಸಿಗೆಯಲ್ಲಿ ಅದೇ ಜೋಡಿ ಕಲ್ಲುಗೋಡೆಯ ಸಂದಿನಲ್ಲಿ ಗೂಡು ಕಟ್ಟಿತು. ಒಳಗಿನಿಂದ ಮರಿಗಳ ಸಣ್ಣ ಚೀರು ಕೇಳಿದಾಗ ಆಸೆ ತಡೆಯಲಾಗದೆ ಕಿಟಕಿ ಬಿಟ್ಟು ಹೊರಗೆ ಬಂದು, ಗೋಡೆಯಿಂದ ಎಂಟಡಿಗೆ ಕೂತೆ. ಹೆಣ್ಣು ಕೊಕ್ಕಿನಲ್ಲಿ ಮಿಡತೆ ಹಿಡಿದು ಬಂದು ಗೋಡೆಯ ಮೇಲೆ ನಿಂತಿತು. ಬಾಲ ಕುಣಿಸಿತು, ಅತ್ತ ಹಾರಿತು, ಇತ್ತ ಬಂದಿತು, ಸಂದಿನ ಕಡೆ ಹೋಗಲೇ ಇಲ್ಲ. ನಾನು ಚಿತ್ರ ತೆಗೆಯುತ್ತಲೇ ಇದ್ದೆ. ಮಿಡತೆಯ ಕಾಲು ಇನ್ನೂ ಅಲುಗುತ್ತಿದ್ದದ್ದು ಲೆನ್ಸಿನಲ್ಲಿ ಕಾಣುತ್ತಿತ್ತು. ಹತ್ತು ನಿಮಿಷ ಕಳೆದ ಮೇಲೆ, ಮರಿಗಳ ಚೀರು ಏರುತ್ತಿರುವುದು ಕಿವಿಗೆ ಬಿದ್ದಾಗ, ಅದು ಹೋಗದಿರುವುದು ನನ್ನಿಂದ ಎಂದು ಹೊಳೆಯಿತು. ತೂಕವನ್ನು ಗ್ರಾಮಿನಲ್ಲಿ ಅಳೆಯಬೇಕಾದ ಮರಿಗಳು, ನೆತ್ತಿಯ ಮೇಲೆ ಏಪ್ರಿಲ್ ಬಿಸಿಲು. ಎದ್ದು ಒಳಗೆ ಬಂದು ಬಾಗಿಲು ಹಾಕಿದೆ. ನಾನು ಕದ ಮುಚ್ಚಿದ ಸದ್ದಿಗೆ ಕಾದಿತ್ತೇನೋ ಎಂಬಂತೆ ಅದು ಸಂದಿನೊಳಗೆ ನುಗ್ಗಿತು. ಆ ಚಿತ್ರಗಳೆಲ್ಲ ನಿಚ್ಚಳವಾಗಿಯೇ ಬಂದಿದ್ದವು, ಅಂದೇ ಅಳಿಸಿದೆ. ಮರಿಗಳು ಹಾರಿಹೋಗುವವರೆಗೆ ಬಟ್ಟೆ ಒಣಹಾಕುವುದನ್ನೂ ಮಾಳಿಗೆಗೆ ಸಾಗಿಸಿದೆವು. ಗೂಡಿನ ಹತ್ತಿರ ಅಂದಿನಿಂದ ಕ್ಯಾಮೆರಾ ಒಯ್ದಿಲ್ಲ, ಯಾರಾದರೂ ಗೂಡಿನ ಚಿತ್ರ ಕೇಳಿದರೆ ಬೇಡವೆನ್ನುತ್ತೇನೆ.

ಸುಗ್ಗಿ ಮುಗಿದಾಗ ಅತ್ತೆ ಬಿಳಿಜೋಳದ ತೆನೆಗಳ ಗೊಂಚಲನ್ನು ಹಿತ್ತಲ ಬಾಗಿಲಿಗೆ ಕಟ್ಟುತ್ತಾರೆ. ರಾಟವಾಳಗಳು ಬರುವುದು ಆಗಲೇ. ತೆನೆ ಗಾಳಿಗೆ ತಿರುಗುತ್ತದೆಂದು ಕೆಳಗೊಂದು ಕಲ್ಲು ಕಟ್ಟಿ ನಿಲ್ಲಿಸಿದ್ದೇನೆ, ಅಷ್ಟೇ ನನ್ನ ಸೇರ್ಪಡೆ.

ಹರಟೆಮಲ್ಲಗಳು ಒಮ್ಮೆಲೇ ಕಿರುಚಿದರೆ ಈಗ ಬೇವಿನ ತುದಿ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿ ಸಣ್ಣ ಹಕ್ಕಿಗಳನ್ನು ಬೇಟೆಯಾಡುವ ಗಿಡುಗ, ಶಿಕ್ರ, ಕೂತಿರುತ್ತದೆ. ಅದು ಹೋಗುವವರೆಗೆ ತಟ್ಟೆಗೆ ಒಂದು ಗುಬ್ಬಚ್ಚಿಯೂ ಇಳಿಯುವುದಿಲ್ಲ. ಶಿಕ್ರದ ಒಳ್ಳೆಯ ಚಿತ್ರ ನನಗೆ ಇನ್ನೂ ಸಿಕ್ಕಿಲ್ಲ.

ಸದ್ಯ ನುಗ್ಗೆ ಹೂ ಬಿಟ್ಟಿದೆ. ಗಂಡು ಸೂರಕ್ಕಿಯೊಂದು ದಿನವೂ ಬರುತ್ತಿದೆ. ಮೈ ಹೆಣ್ಣಿನದರಂತೆಯೇ ಮಾಸಲು ಹಳದಿ, ಗಂಟಲಿನಿಂದ ಹೊಟ್ಟೆಯವರೆಗೆ ಮಾತ್ರ ಒಂದು ಕಪ್ಪು ಗೆರೆ. ಮರಿ ಮಾಡುವ ಕಾಲ ಹತ್ತಿರವಾದಂತೆ ಅದರ ಮೈಯೆಲ್ಲ ನೇರಳೆಗಪ್ಪಾಗಿ ಹೊಳೆಯುತ್ತದೆ. ಪ್ರತಿ ಭಾನುವಾರ ಅದೇ ಜಾಲಿಯ ಕೊಂಬೆಯ ಮೇಲೆ, ಅದೇ ಹೊತ್ತಿಗೆ ಒಂದು ಚಿತ್ರ ತೆಗೆಯುತ್ತಿದ್ದೇನೆ. ಇಲ್ಲಿಯವರೆಗೆ ಐದಾಗಿವೆ. ಐದನೆಯದರಲ್ಲಿ ಬಲ ಹೆಗಲಿನ ಮೇಲೆ, ಸಾಸಿವೆ ಕಾಳಿನಷ್ಟು, ಹೊಸ ಗರಿಯೊಂದು ನೀಲಿಯಾಗಿ ಮಿನುಗುತ್ತಿದೆ.