2000 ಮಿ.ಮೀ. ಬಿಟ್ಟು 1200ಕ್ಕೆ ಇಳಿದ ಮೇಲೆ

ದೂರದ್ದನ್ನು ಬಹಳ ಹತ್ತಿರಕ್ಕೆ ಎಳೆಯುವ, ಲೆನ್ಸ್ ಬದಲಿಸಲಾಗದ ನಿಕಾನ್ ಪಿ900 ಕ್ಯಾಮೆರಾವನ್ನು ನಾನು, ಬೇರೆಯವರು ಬಳಸಿದ್ದನ್ನೇ, ಸುಮಾರು 28 ಸಾವಿರ ರೂಪಾಯಿಗೆ ಕೊಂಡಾಗ, ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಹಿಡಿದು ತಿರುಗುವ ಬಾಗಲಕೋಟೆಯ ಗೆಳೆಯರೊಬ್ಬರು ‘ಇದರಾಗ ಚಂದ್ರ ಬಿಟ್ಟು ಮತ್ತೇನೂ ಬರಂಗಿಲ್ಲ’ ಎಂದು ನಕ್ಕಿದ್ದರು. ಮೊದಲ ಎರಡು ಚಳಿಗಾಲ ಅವರ ಮಾತೇ ನಿಜವಾಯಿತು. ಆಲಮಟ್ಟಿ ಹಿನ್ನೀರಿನಲ್ಲಿ ನಿಂತ ರಾಜಹಂಸಗಳನ್ನು (ಫ್ಲೆಮಿಂಗೊ) ಅರ್ಧ ಕಿಲೋಮೀಟರ್ ದೂರದಿಂದ, ಜೂಮನ್ನು ಪೂರ್ತಿ 2000 ಮಿ.ಮೀ.ಗೆ (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಎಳೆದು ತೆಗೆದ ಸಾವಿರಾರು ಚಿತ್ರಗಳಲ್ಲಿ ಗರಿ ಎಂಬುದು ಕಾಣಲೇ ಇಲ್ಲ. ಬಣ್ಣ ಬಳಿದ ಹತ್ತಿಯ ಉಂಡೆಗಳಂತೆ ಕಂಡವು.

ತಪ್ಪು ಕೈ ನಡುಕದ್ದೆಂದು ಭಾವಿಸಿ 2,200 ರೂಪಾಯಿಯ ಟ್ರೈಪಾಡ್ ತಂದೆ. ದಂಡೆಯ ಗಾಳಿಗೆ ಅದು ನನಗಿಂತ ಹೆಚ್ಚು ನಡುಗಿತು. ಲೆನ್ಸಿನ ಮುಂದೆ ಸಿಕ್ಕಿಸುವ ಅಗ್ಗದ ಟೆಲಿಕನ್ವರ್ಟರಿಗೆ (ಜೂಮ್ ಹೆಚ್ಚಿಸುವ ಹೆಚ್ಚುವರಿ ಗಾಜು) ಇನ್ನೂ 1,900 ಕೊಟ್ಟೆ. ಅದು ಚಿತ್ರವನ್ನು ದೊಡ್ಡದು ಮಾಡಿತೇ ಹೊರತು ಒಂದು ಗೆರೆಯನ್ನೂ ಹೆಚ್ಚಿಗೆ ತೋರಿಸಲಿಲ್ಲ. ಈ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಅಷ್ಟು ಚಿಕ್ಕ ಸೆನ್ಸರಿನ ಮೇಲೆ, ಲೆನ್ಸಿನ ಕಿಂಡಿ ಕಿರಿದಾದ ಎಫ್ 6.5ರಲ್ಲಿ, ಬೆಳಕೇ ಹರಡಿಕೊಳ್ಳುವಾಗ 16 ಮೆಗಾಪಿಕ್ಸೆಲ್ ಎಂಬ ಲೆಕ್ಕ ಡಬ್ಬಿಯ ಮೇಲಷ್ಟೇ ಉಳಿಯುತ್ತದೆ.

ನಿಜವಾದ ಕಾರಣ ಹೊಳೆದದ್ದು ವಿಜಯಪುರದಲ್ಲಿ. ನೆಂಟರ ಮನೆಯ ಮಾಳಿಗೆಯಿಂದ, ಸುಮಾರು ಎರಡು ಕಿಲೋಮೀಟರ್ ದೂರದ ಗೋಳಗುಮ್ಮಟವನ್ನು ಏಪ್ರಿಲ್ ಮಧ್ಯಾಹ್ನದಲ್ಲಿ ತೆಗೆದಾಗ ಗುಮ್ಮಟದ ಅಂಚು ನೀರಿನಲ್ಲಿ ಅದ್ದಿದಂತೆ ಅಲುಗುತ್ತಿತ್ತು. ಮರುದಿನ ಸೂರ್ಯೋದಯಕ್ಕೆ ಅದೇ ಜಾಗದಿಂದ ತೆಗೆದರೆ ಗುಮ್ಮಟದ ಬುಡದ ದಳಗಳನ್ನು ಎಣಿಸಬಹುದಿತ್ತು. ಚಿತ್ರ ಕೆಡಿಸುತ್ತಿದ್ದುದು ಬಿಸಿಲಿಗೆ ಕಾದು ಅಲುಗುವ ಗಾಳಿ. ನೆತ್ತಿಯ ಮೇಲಿನ ಚಂದ್ರ ಚೆನ್ನಾಗಿ ಬರುವುದೂ ಇದಕ್ಕಾಗಿಯೇ: ಮೇಲೆ ನೋಡುವಾಗ ದಟ್ಟ ಗಾಳಿ ಸ್ವಲ್ಪವೇ ಅಡ್ಡ ಬರುತ್ತದೆ, ಕಾದ ಎರೆಮಣ್ಣಿನ ಮೇಲೆ ಅಡ್ಡಡ್ಡ ನೋಡುವಾಗ ದಾರಿಯುದ್ದಕ್ಕೂ ಅದೇ ಇರುತ್ತದೆ.

ಅಂದಿನಿಂದ 1200 ಮಿ.ಮೀ. ದಾಟುವುದಿಲ್ಲ, ಎಂಟೂಕಾಲರ ನಂತರ ಕ್ಯಾಮೆರಾ ಎತ್ತುವುದಿಲ್ಲ. ಕತ್ತಲಿರುವಾಗಲೇ ಕಂಬಳಿ ಹೊದ್ದು, ಸೂರ್ಯ ಬೆನ್ನಿಗೆ ಬರುವಂತೆ ದಂಡೆಯಲ್ಲಿ ಕೂತರೆ ಹಕ್ಕಿಗಳು ಮೇಯುತ್ತ ತಾವಾಗಿಯೇ ನೂರಿಪ್ಪತ್ತು ಮೀಟರಿನವರೆಗೆ ಬರುತ್ತವೆ. ಆಗ 1200ರಲ್ಲೇ ರಾಜಹಂಸ ಚೌಕಟ್ಟಿನ ಅರ್ಧ ಎತ್ತರ ತುಂಬುತ್ತದೆ. ಟ್ರೈಪಾಡಿನ ಬದಲು ಕ್ಯಾಮೆರಾ ಊರಲು ನೆಲದ ಮೇಲೊಂದು ಚೀಲ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400ರ ಒಳಗೆ, ಬಿಳಿ ಗರಿ ಸುಡದಂತೆ ಎಕ್ಸ್‌ಪೋಷರ್ 0.7 ಕಡಿಮೆ (ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್ ಇಲ್ಲದ ಈ ಕ್ಯಾಮೆರಾದಲ್ಲಿ ಸುಟ್ಟದ್ದು ಮರಳಿ ಬಾರದು), ನಿಂತ ಹಕ್ಕಿಗೆ ಎರಡು ಸೆಕೆಂಡಿನ ಟೈಮರ್.

ಕಳೆದ ಫೆಬ್ರವರಿಯ ಒಂದು ಚಿತ್ರವನ್ನು 12×18 ಇಂಚಿಗೆ ಮುದ್ರಿಸಿ ನಕ್ಕಿದ್ದ ಗೆಳೆಯರ ಮುಂದಿಟ್ಟಾಗ, ಅವರು ಮೊದಲು ಕೇಳಿದ್ದು ಯಾವ ಲೆನ್ಸ್ ಎಂದು. ಹಾರುವ ಹಕ್ಕಿಯ ವಿಷಯದಲ್ಲಿ ಮಾತ್ರ ಅವರ ಲೆನ್ಸಿಗೇ ಗೆಲುವು. ಒಂದೇ ಉಸಿರಿಗೆ ಏಳು ಚಿತ್ರ ಹೊಡೆದು ನನ್ನ ಕ್ಯಾಮೆರಾ ಸುಮ್ಮನಾಗುವಷ್ಟರಲ್ಲಿ ಹಿಂಡು ಆಚೆ ದಂಡೆ ಸೇರಿರುತ್ತದೆ; ನೂರಕ್ಕೆ ಮೂರೋ ನಾಲ್ಕೋ ಚಿತ್ರ ಉಳಿದರೆ ಹೆಚ್ಚು.