ಫ್ಲೈ ಕಟ್ಟುವ ವೈಸ್‌ಗೆ ಅಲುಗಾಡದ ಉಕ್ಕಿನ ಪೀಠ

ಫ್ಲೈ ಎಂದರೆ ಮೀನು ಹಿಡಿಯಲು ಗಾಳಕ್ಕೆ ದಾರ, ಕೂದಲು ಸುತ್ತಿ ಕಟ್ಟುವ ನಕಲಿ ಹುಳ. ಕಟ್ಟುವಾಗ ಆ ಗಾಳವನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ, ಕಂಬಿಯ ಮೇಲೆ ನಿಂತ ಸಾಧನವೇ ವೈಸ್. ದಾರ ಬಿಗಿಯುವಾಗ ಈ ವೈಸ್ ವಾಲಿದರೆ ಎಲ್ಲರೂ ಮೊದಲು ದೂರುವುದು ಪೀಠದ ತೂಕವನ್ನು. ತೂಕ ಅರ್ಧ ಕಾರಣ ಮಾತ್ರ. ಪೀಠ ಎಷ್ಟು ಅಗಲ, ದವಡೆ ಎಷ್ಟು ಎತ್ತರ, ಗಾಳ ಪೀಠದ ಮೇಲೇ ಬರುತ್ತದೆಯೋ ಅಂಚು ದಾಟಿ ಹೊರಗೆ ನಿಲ್ಲುತ್ತದೆಯೋ, ಇವೂ ಅಷ್ಟೇ ಮುಖ್ಯ.

150 × 200 ಮಿಮೀ ಅಳತೆಯ, 12 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪ್ಲೇಟ್ ಸುಮಾರು 2.8 ಕೆಜಿ ತೂಗುತ್ತದೆ. ಹೆಚ್ಚಿನವರಿಗೆ ಇಷ್ಟು ಸಾಕು. ದವಡೆ 20 ಸೆಂಮೀ ಎತ್ತರದಲ್ಲಿದ್ದರೆ, ವೈಸಿನ ತೂಕ ಬಿಟ್ಟು ಲೆಕ್ಕ ಹಾಕಿದರೂ, ನಿಮ್ಮ ಕಡೆಗೆ ಸುಮಾರು 1 ಕೆಜಿ ಬಲದಲ್ಲಿ ಎಳೆದಾಗಷ್ಟೇ ಪೀಠದ ಹಿಂಬದಿ ಏಳುತ್ತದೆ. ದವಡೆಯನ್ನು 15 ಸೆಂಮೀಗೆ ಇಳಿಸಿದರೆ ಅದೇ ಪೀಠ 1.4 ಕೆಜಿ ತಡೆಯುತ್ತದೆ. ಜಿಎಸ್‌ಪಿ ಎಂಬ ತುಂಬ ಗಟ್ಟಿಯಾದ ಪಾಲಿಥೀನ್ ದಾರದಲ್ಲಿ, ಫ್ಲೈಗೆ ಕೂದಲಿನ ದೊಡ್ಡ ತಲೆಗಳನ್ನು ಒತ್ತಿ ಕಟ್ಟುವವರು 16 ಮಿಮೀ ಪ್ಲೇಟನ್ನೇ ತಗೊಳ್ಳಿ, ತೂಕ 3.8 ಕೆಜಿಯ ಹತ್ತಿರ ಬರುತ್ತದೆ. ಕಾಂಕ್ರೀಟಿನಲ್ಲಿ ಇಷ್ಟೇ ತೂಕ ಬೇಕೆಂದರೆ ಮೂರು ಪಟ್ಟಿಗಿಂತ ದಪ್ಪ ಬೇಕು, ಮೊಣಕೈಗೆ ಅಡ್ಡ ಬರುತ್ತದೆ. ಸೀಸ ಕರಗಿಸುವ ಗೋಜಿಗೆ ಹೋಗಬೇಡಿ, ಅದರ ಹೊಗೆ ಮತ್ತು ಧೂಳು ವಿಷ.

ಗುಜರಿ ಅಂಗಡಿಯಲ್ಲಿ ಪ್ಲೇಟ್ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಗ್ಯಾಸ್ ಕಟಿಂಗ್ ಆದ ತುಂಡು ಬಿಸಿಗೆ ತಿರುಚಿರಬಹುದು. ಗ್ರಾನೈಟ್ ಕಲ್ಲಿನ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಟಕ್ ಟಕ್ ಎಂದರೆ ಬೇರೆ ತುಂಡು ಆರಿಸಿ.

ವೈಸಿನ ಕಂಬಿ ಸಾಮಾನ್ಯವಾಗಿ 3/8 ಇಂಚು, ಅಂದರೆ 9.5 ಮಿಮೀ. ಆದರೂ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅದನ್ನು ಹಿಡಿಯಲು 40 ಮಿಮೀ ವ್ಯಾಸ, 40 ಮಿಮೀ ಎತ್ತರದ ರೌಂಡ್ ಬಾರ್ ತುಂಡು ಬೇಕು. ಇದರ ನಡುವಿನ 9.6 ಮಿಮೀ ತೂತನ್ನು ಲೇತ್‌ನಲ್ಲೇ ಕೊರೆಸಿ, ತಳವನ್ನೂ ಅದೇ ಸೆಟಿಂಗ್‌ನಲ್ಲಿ ಫೇಸ್ ಮಾಡಿಸಿ, ಅಂದರೆ ತೂತಿಗೆ ಲಂಬವಾಗಿ ಸಮತಟ್ಟು ಮಾಡಿಸಿ. ಕೈ ಡ್ರಿಲ್ಲಿನಲ್ಲಿ ಒಂದು ಡಿಗ್ರಿ ವಾರೆಯಾದರೂ 20 ಸೆಂಮೀ ಮೇಲೆ ದವಡೆ 3.5 ಮಿಮೀ ಪಕ್ಕಕ್ಕೆ ಹೋಗುತ್ತದೆ. 10 ಮಿಮೀ ಬಿಟ್ ಹಾಕಿದರೆ ಕಂಬಿ ಸಡಿಲವಾಗಿ, ಸ್ಕ್ರೂ ಬಿಗಿದಾಗ ಒಂದೇ ಕಡೆ ಒರಗುತ್ತದೆ.

ತುಂಡಿನ ತಳದಲ್ಲಿ, ನಡು ತೂತಿನ ಎರಡೂ ಬದಿಗೆ, 25 ಮಿಮೀ ಅಂತರದಲ್ಲಿ ಎರಡು ತೂತು: 5 ಮಿಮೀ ಡ್ರಿಲ್, 18 ಮಿಮೀ ಆಳ, ಎಂ6 ಟ್ಯಾಪ್ (6 ಮಿಮೀ ಸ್ಕ್ರೂಗೆ ಒಳಗೆ ಮರೆ ಕೊರೆಯುವುದು). ಒಂದೇ ಬೋಲ್ಟ್ ಹಾಕಿದರೆ ಕೆಲವು ದಿನದಲ್ಲಿ ತುಂಡು ತಿರುಗಲು ಶುರುವಾಗುತ್ತದೆ. ಕಂಬಿಯನ್ನು ಪಕ್ಕದಿಂದ ಒತ್ತಿ ಹಿಡಿಯುವ ಲಾಕ್ ಸ್ಕ್ರೂಗೆ ಇವುಗಳಿಗೆ ಅಡ್ಡ ದಿಕ್ಕಿನಲ್ಲಿ 6.8 ಮಿಮೀ ಕೊರೆದು ಎಂ8 ಟ್ಯಾಪ್ ಹಾಕಿ. ಸ್ಕ್ರೂ ಮುಂದೆ ಹಿತ್ತಾಳೆಯ ಪುಟ್ಟ ಬಿಲ್ಲೆ ಇಡಿ. ಇಲ್ಲದಿದ್ದರೆ ಕಂಬಿಗೆ ಗಾಯವಾಗಿ ಬರ್ (ಚೂಪು ಲೋಹದ ಏಣು) ಎದ್ದು, ಮುಂದೆ ಎತ್ತರ ಬದಲಿಸಲು ಹೋದಾಗ ಸಿಕ್ಕಿಕೊಳ್ಳುತ್ತದೆ.

ತುಂಡು ಎಲ್ಲಿ ಕೂರಬೇಕು? ಪ್ಲೇಟಿನ ಉದ್ದ ಎಡ-ಬಲಕ್ಕೆ ಇರಲಿ. ಬಲಗೈಯಲ್ಲಿ ಕಟ್ಟುವವರಿಗೆ ತುಂಡಿನ ಮಧ್ಯಬಿಂದು ಎಡ ಅಂಚಿನಿಂದ 80, ಮುಂದಿನ ಅಂಚಿನಿಂದ 35 ಮಿಮೀ. ದವಡೆ ಬಲಕ್ಕೆ ಚಾಚಿದಾಗ ಗಾಳ ಪ್ಲೇಟಿನ ಮೇಲೇ ನಿಲ್ಲುತ್ತದೆ. ಹಾಗಿದ್ದಾಗ ನೇರ ಕೆಳಕ್ಕೆ ಎಷ್ಟೇ ಎಳೆದರೂ ಪೀಠ ಮಗುಚುವುದಿಲ್ಲ. ಎಡಗೈಯವರು ಬಲ ಅಂಚಿನಿಂದ ಅಳೆಯಿರಿ.

ತುಂಡಿನ ತಳದ ಎರಡು ತೂತಿಗೆ ಸರಿಯಾಗಿ ಪ್ಲೇಟಿಗೆ 6.5 ಮಿಮೀ ತೂತು ಕೊರೆದು, ಸ್ಕ್ರೂ ತಲೆ ಒಳಗೆ ಕೂರುವಂತೆ ಅಡಿಯಿಂದ ಕೌಂಟರ್‌ಸಿಂಕ್ ಮಾಡಿ, ಎಂ6 × 25 ಸಿಎಸ್‌ಕೆ (ಓರೆ ತಲೆಯ) ಸ್ಕ್ರೂ ಬಿಗಿಯಿರಿ. ಸ್ಕ್ರೂ ತಲೆ ಅರ್ಧ ಮಿಲಿಮೀಟರಾದರೂ ಒಳಗೆ ಇಳಿದಿರಬೇಕು. ಜೋಡಣೆ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬಿಚ್ಚಿ, ಅಂಚುಗಳನ್ನು ಅರದಿಂದ ಉಜ್ಜಿ, ಥಿನ್ನರ್‌ನಲ್ಲಿ ಎಣ್ಣೆ ಒರೆಸಿ, ರೆಡ್ ಆಕ್ಸೈಡ್ ಒಂದು ಕೋಟ್, ತಿಳಿ ಬೂದು ಮ್ಯಾಟ್ ಬಣ್ಣ ಎರಡು ಕೋಟ್ ಹೊಡೆಯಿರಿ. ಹೊಳೆಯುವ ಬಣ್ಣದಲ್ಲಿ ದೀಪ ಪ್ರತಿಫಲಿಸಿ ಸಣ್ಣ ಗಾಳ ಕಾಣುವುದಿಲ್ಲ.

ಮತ್ತೆ ಬಿಗಿದ ಮೇಲೆ ಅಡಿಗೆ 3 ಮಿಮೀ ರಬ್ಬರ್ ಶೀಟ್ ಪೂರ್ತಿ ಅಂಟಿಸಿ. ಶೀಟಿನ ಬದಲು ಮೂರು ಗುಂಡಿ ಕಾಲು ಹಾಕಿದರೆ ಪೀಠ ಕುಲುಕುವುದಿಲ್ಲ ನಿಜ, ಆದರೆ ನಿಲ್ಲುವ ಜಾಗ ತ್ರಿಕೋನವಾಗಿ ಒಂದು ಕಡೆಗೆ ಬೇಗ ಮಗುಚುತ್ತದೆ.

ಕ್ಲಾಂಪ್ ವೈಸಿನ ಕಂಬಿ ಮೇಜಿನ ಕೆಳಗೂ ಇಳಿಯುತ್ತಿತ್ತು. ಇಲ್ಲಿ ಅದು ಪ್ಲೇಟಿನ ಮೇಲೇ ನಿಲ್ಲುವುದರಿಂದ ದವಡೆ ಎತ್ತರವಾಗಬಹುದು. ಹಾಗಾದರೆ ಹ್ಯಾಕ್‌ಸಾದಿಂದ ಪ್ರತಿ ಸಲ 20 ಮಿಮೀ ಮಾತ್ರ ಕತ್ತರಿಸಿ, ಕುರ್ಚಿಯಲ್ಲಿ ಕೂತು ಕೈ ಇಟ್ಟು ನೋಡಿ, ಬೇಕಿದ್ದರೆ ಮತ್ತೆ ಕತ್ತರಿಸಿ.