ಮಲೆನಾಡಿನ ಯಂತ್ರಗಳಿಗೆ ಪ್ರಾಕ್ಸಿಮಿಟಿ ಸೆನ್ಸರ್ ಆರಿಸುವ ಬಗೆ

ವಸ್ತುವೊಂದು ಹತ್ತಿರ ಬಂದಿದೆಯೇ ಎಂಬುದನ್ನು ಮುಟ್ಟದೆಯೇ ತಿಳಿಸುವ ಸಾಧನ ಪ್ರಾಕ್ಸಿಮಿಟಿ ಸೆನ್ಸರ್. ಶಿವಮೊಗ್ಗದ ಯಂತ್ರಶಾಲೆಗಳಲ್ಲಾಗಲಿ, ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ಸುಲಿಯುವ ಯಂತ್ರಗಳಲ್ಲಾಗಲಿ ಇದನ್ನು ಅಳವಡಿಸಲು ಹೊರಟವರು, ಎಷ್ಟು ದೂರದಿಂದ ಗುರುತಿಸುತ್ತದೆ ಎಂದು ಕೇಳುವುದಕ್ಕೆ ಮುನ್ನ, ಗುರುತಿಸಬೇಕಾದ ವಸ್ತು ಯಾವುದು, ಅದರ ಸುತ್ತ ನೀರು, ಹಬೆ, ಧೂಳು ಎಷ್ಟಿರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಲೋಹವನ್ನು ಹತ್ತಿರದಿಂದ ಗುರುತಿಸಬೇಕಾದಲ್ಲಿ ಇಂಡಕ್ಟಿವ್ ಸೆನ್ಸರ್ ಅತ್ಯಂತ ಭರವಸೆಯದು. ಅದರ ತುದಿಯ ಸುರುಳಿ ಹೊಮ್ಮಿಸುವ ಕಾಂತಕ್ಷೇತ್ರದೊಳಗೆ ಲೋಹ ಬಂದಾಗ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ಆಂದೋಲಕದ ಶಕ್ತಿ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಔಟ್‌ಪುಟ್ಟನ್ನು ಬದಲಿಸುತ್ತದೆ. ಅಡಿಕೆ ಸಿಪ್ಪೆಯ ಧೂಳಾಗಲಿ ಮಳೆಹನಿಯಾಗಲಿ ಇದನ್ನು ಬಾಧಿಸುವುದಿಲ್ಲ. ಆದರೆ ಕ್ಯಾಟಲಾಗಿನಲ್ಲಿ ಕೊಟ್ಟಿರುವ ದೂರ ಮೃದು ಉಕ್ಕಿಗೆ ಸಂಬಂಧಿಸಿದ್ದು. ಸಾಮಾನ್ಯ ಮಾದರಿಗಳಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂಗೆ ಅದು ಸುಮಾರು 0.3ರಿಂದ 0.45ರಷ್ಟಕ್ಕೆ ಇಳಿಯುತ್ತದೆ. ಹೀಗಾಗಿ 8 ಮಿ.ಮೀ. ಎಂದು ಬರೆದಿರುವ ಎಂ18 (18 ಮಿ.ಮೀ. ವ್ಯಾಸದ) ಸೆನ್ಸರ್ ಅಡಿಕೆ ಬೇಯಿಸುವ ತಾಮ್ರದ ಹಂಡೆಯನ್ನು 3 ಮಿ.ಮೀ. ಆಸುಪಾಸಿನಲ್ಲಷ್ಟೇ ಕಾಣಬಲ್ಲದು, ಬಹುತೇಕ ಸೆನ್ಸರ್‌ಗಳ ತಾಪಮಿತಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ ಒಲೆಯ ಬಳಿ ಅದನ್ನು ಇಡುವುದೂ ತರವಲ್ಲ. ಉಕ್ಕಿನ ವಿಷಯದಲ್ಲಿಯೂ ನಮೂದಿತ ದೂರದ ಶೇ 80ರೊಳಗೇ ಅಳವಡಿಸುವುದು ಕ್ಷೇಮ.

ಅಡಿಕೆ, ಭತ್ತ, ಪ್ಲಾಸ್ಟಿಕ್ ಡ್ರಮ್ಮಿನೊಳಗಿನ ನೀರು ಇವುಗಳಿಗೆ, ತನ್ನ ವಿದ್ಯುತ್ ಕ್ಷೇತ್ರದಲ್ಲಿ ವಸ್ತು ತರುವ ಬದಲಾವಣೆಯನ್ನು ಗುರುತಿಸುವ ಕೆಪ್ಯಾಸಿಟಿವ್ ಸೆನ್ಸರ್ ಬೇಕು. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದೂ ಇದೇ. ವಸ್ತು ಆ ಕ್ಷೇತ್ರವನ್ನು ಎಷ್ಟು ಬದಲಿಸುತ್ತದೆ ಎಂಬುದರ ಅಳತೆಯಾದ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80 ಇದ್ದು, ಒಣ ಧಾನ್ಯದ್ದು ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ, ಬೇಸಿಗೆಯಲ್ಲಿ ಒಣ ಅಡಿಕೆಗೆ ಹೊಂದಿಸಿದ ಸೆನ್ಸರ್ ಆಷಾಢದ ಮಳೆಯಲ್ಲಿ ಮುಖದ ಮೇಲೆ ನೀರಿನ ಪೊರೆ ಕೂತಾಗ ಎದುರಿಗೆ ಏನೂ ಇಲ್ಲದಿದ್ದರೂ ಆನ್ ಆಗಿಯೇ ಉಳಿಯಬಹುದು. ಸಂವೇದನೆಯನ್ನು ಹೊಂದಿಸುವ ತಿರುಪು ಇರುವ ಮಾದರಿಯನ್ನೇ ಕೊಂಡು, ನೀರು ನಿಲ್ಲದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ, ಒದ್ದೆ ಮಾಲು ಮತ್ತು ಒಣ ಮಾಲು ಎರಡರಿಂದಲೂ ಪರೀಕ್ಷಿಸಬೇಕು.

ಟ್ಯಾಂಕಿನ ನೀರಿನ ಮಟ್ಟಕ್ಕೆ, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಒಪ್ಪುತ್ತದೆ. ಅಗ್ಗದ ಎಚ್‌ಸಿ-ಎಸ್‌ಆರ್04 ಮಾದರಿ 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ ಅಳೆಯುತ್ತದಾದರೂ ಅದಕ್ಕೆ ತೇವದಿಂದ ರಕ್ಷಣೆಯಿಲ್ಲ; ಮುಚ್ಚಿದ ತಲೆಯ ಮಾದರಿಯನ್ನೇ ಆರಿಸಬೇಕು. ಇನ್‌ಫ್ರಾರೆಡ್ ಮಾದರಿಗಳು ಬಿಸಿಲಿಗೂ ಕಪ್ಪು ಮೇಲ್ಮೈಗೂ ಎಡವುವುದರಿಂದ ಒಳಾಂಗಣಕ್ಕೆ ಸೀಮಿತವಾಗಿರಲಿ.

ಮೂರು ತಂತಿಯ ಡಿಸಿ ಸೆನ್ಸರ್‌ಗಳಲ್ಲಿ ಕಂದು ಧನ, ನೀಲಿ ಋಣ, ಕಪ್ಪು ಔಟ್‌ಪುಟ್. ಔಟ್‌ಪುಟ್ ಪಿಎನ್‌ಪಿಯೋ (ಆನ್ ಆದಾಗ ಧನಕ್ಕೆ ಜೋಡಿಸುವುದು) ಎನ್‌ಪಿಎನ್ನೋ (ಆನ್ ಆದಾಗ ಋಣಕ್ಕೆ ಜೋಡಿಸುವುದು) ಎಂಬುದು ಯಂತ್ರವನ್ನು ನಿಯಂತ್ರಿಸುವ ನಿಮ್ಮ ಪಿಎಲ್‌ಸಿಯ ಇನ್‌ಪುಟ್ಟಿಗೆ ಹೊಂದಬೇಕು. 3.3 ವೋಲ್ಟಿನ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸುವವರು ಕಪ್ಪು ತಂತಿಯನ್ನು ನೇರವಾಗಿ ಕೊಡದೆ, ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಮೂಲಕ ಕೊಡಬೇಕು. ಏಕೆಂದರೆ ಎನ್‌ಪಿಎನ್ ಮಾದರಿಯಲ್ಲಿಯೂ ಒಳಗೆ ಪುಲ್‌ಅಪ್ ರೆಸಿಸ್ಟರ್ (ಔಟ್‌ಪುಟ್ಟನ್ನು ಧನಕ್ಕೆ ಸೇರಿಸುವ ರೋಧಕ) ಇದ್ದರೆ 12 ಅಥವಾ 24 ವೋಲ್ಟ್ ಆ ತಂತಿಯಲ್ಲಿ ಕಾಣಿಸಿಕೊಂಡು ಬೋರ್ಡನ್ನು ಸುಡಬಹುದು.